ಕಿರುನಾಡಿನ ಹಿರಿಯ ಚರಿತ್ರೆ

ನಾಡೊಂದರ ಹಿರಿಮೆಗೆ ಅದರ ವಿಸ್ತೀರ್ಣವೇ ಅಳತೆಗೋಲಾಗಲಾರದು. ಮೆಡಿಟರೇನಿಯನ್ ಸಮುದ್ರದಲ್ಲಿ, ಸಿಸಿಲಿ ದ್ವೀಪದ ದಕ್ಷಿಣಕ್ಕಿರುವ ಮಾಲ್ಟಾ ದೇಶವು ಈ ಮಾತಿಗೆ ಉತ್ತಮ ನಿದರ್ಶನ. ಒಟ್ಟು ವಿಸ್ತೀರ್ಣ ಸುಮಾರು 316 ಚದರ ಕಿಲೋಮೀಟರುಗಳಷ್ಟೇ ಆದರೂ, ದೂರದೂರದ ಪ್ರವಾಸಿಗರು ಈ ನಾಡನ್ನು ಪ್ರೀತಿಯಿಂದ ಅರಸಿ ಬರುತ್ತಾರೆ.

ಇದಕ್ಕೆ ಕಾರಣವೇನು? ಇಲ್ಲಿ ಸಹಸ್ರಾರು ವರ್ಷಗಳ ಚರಿತ್ರೆಯು ಒಂದೆರಡು ದಿನಗಳ ಪಯಣದಲ್ಲಿಯೇ ಕಣ್ಣಿಗೆ ಗೋಚರಿಸುತ್ತದೆ. ಗೋಝೋ ದ್ವೀಪದ ಜಿಗಾಂಟಿಯಾ ಶಿಲಾದೇಗುಲಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಪ್ರಾಚೀನವಾದವು. ಅವುಗಳನ್ನು ದೈತ್ಯ ಸ್ತ್ರೀಯೊಬ್ಬಳು ಕಟ್ಟಿದಳೆಂದು ಸ್ಥಳೀಯರ ಐತಿಹ್ಯ. 1530ರಲ್ಲಿ ದ್ವೀಪವನ್ನು ಪಡೆದ ಸಂತ ಜಾನರ ಪಂಥದ ಯೋಧರು 1565ರಲ್ಲಿ ತುರ್ಕರ ಮಹಾಮುತ್ತಿಗೆಯನ್ನು ಎದುರಿಸಿ ನಿಂತರು. ಮರುವರ್ಷವೇ ಅವರು ಅಡಿಗಲ್ಲಿಟ್ಟ ವ್ಯಾಲೆಟ್ಟಾ ಇಂದಿಗೂ ದೇಶದ ರಾಜಧಾನಿ.

ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು, ಫ್ರೆಂಚರು, ಬ್ರಿಟಿಷರು ಒಬ್ಬರಾದ ಮೇಲೊಬ್ಬರು ಆಳಿದರು. ದೇಶವು ಸ್ವತಂತ್ರವಾದದ್ದು 1964ರಲ್ಲಿ. ಇಷ್ಟಾದರೂ ಜನರು ತಮ್ಮ ನುಡಿಯನ್ನು ಬಿಡಲಿಲ್ಲ. ಅರಬ್ಬಿ ಮೂಲದ ಮಾಲ್ಟೀ ಭಾಷೆಯು ಇಟಾಲಿಯನ್ ಶಬ್ದಗಳನ್ನು ಧಾರಾಳವಾಗಿ ಸ್ವೀಕರಿಸಿ, ರೋಮನ್ ಲಿಪಿಯನ್ನು ಧರಿಸಿದೆ. ಕ್ರೈಸ್ತರೇ ಬಹುಸಂಖ್ಯಾತರಾದ ಆ ಜನರು ದೇವರನ್ನು ‘ಅಲ್ಲಾ’ ಎಂದೇ ಕರೆಯುತ್ತಾರೆ. ಈಸ್ಟರಿನ ಮುಂಚಿನ ವ್ರತಕಾಲಕ್ಕೆ ‘ರಂದಾನ್’ ಎನ್ನುತ್ತಾರೆ. ಗತಕಾಲವು ಅಲ್ಲಿ ಕಲ್ಲುಗಳಲ್ಲಿ ಮಾತ್ರವಲ್ಲ, ಜನರ ನಾಲಗೆಯ ಮೇಲೆಯೂ ಉಳಿದಿದೆ. ಪ್ರವಾಸಿಗನನ್ನು ಸೆಳೆಯುವ ನಿಜವಾದ ಸೊಬಗು ಇದೇ ಅಲ್ಲವೇ?

ಆದರೆ ಈ ಪ್ರೀತಿಯೇ ಒಮ್ಮೊಮ್ಮೆ ಕೇಡಾಗಿ ಪರಿಣಮಿಸುವುದುಂಟು. 1902ರಲ್ಲಿ ಮನೆಗಳಿಗಾಗಿ ನೀರಿನ ತೊಟ್ಟಿ ತೋಡುವಾಗ ಪತ್ತೆಯಾದ ಹಾಲ್ ಸಫ್ಲಿಯೇನಿ ಎಂಬ ನೆಲದಡಿಯ ಸಮಾಧಿಗುಹೆಯಲ್ಲಿ, ಇತಿಹಾಸಪೂರ್ವ ಕಾಲದವರು ಕೆಂಪು ಕಾವಿಮಣ್ಣಿನಿಂದ ಬರೆದ ಚಿತ್ರಗಳಿವೆ. ನೋಡಬಂದವರ ಉಸಿರು, ದೀಪಗಳ ಶಾಖ ಇವುಗಳಿಂದಲೇ ಆ ವರ್ಣಗಳು ಮಾಸತೊಡಗಿದವು. ಆದುದರಿಂದ 1990ರ ದಶಕದಲ್ಲಿ ಗುಹೆಯನ್ನು ಹಲವು ವರ್ಷ ಮುಚ್ಚಿ, ಸಂರಕ್ಷಣೆಯ ಕಾರ್ಯ ನಡೆಸಿ, 2000ದಲ್ಲಿ ಮತ್ತೆ ತೆರೆಯಲಾಯಿತು. ಅಂದಿನಿಂದ ದಿನಕ್ಕೆ ಮಿತವಾದ ಸಂಖ್ಯೆಯ ಜನರಿಗೆ ಮಾತ್ರ ಪ್ರವೇಶ. ಟಿಕೇಟು ಬೇಕೆಂಬವರು ಬಹಳ ಮುಂಚಿತವಾಗಿಯೇ ಕಾಯ್ದಿರಿಸಬೇಕು.

ಬಾಗಿಲವರೆಗೆ ಹೋಗಿ ಒಳಗೆ ಕಾಣದೆ ಹಿಂದಿರುಗುವವನಿಗೆ ನಿರಾಶೆ ಸಹಜ. ಆದರೆ ಐದು ಸಾವಿರ ವರ್ಷಗಳಿಂದ ಉಳಿದುಬಂದ ವರ್ಣವು ನಮ್ಮ ಒಂದು ಗಳಿಗೆಯ ಕುತೂಹಲಕ್ಕೆ ಬಲಿಯಾಗಬಾರದು. ಮುಂದೆ ಬರುವವರಿಗೂ ಅದರಲ್ಲಿ ಪಾಲಿದೆ ಎಂಬುದನ್ನು ಅರಿತು ನಡೆಯುವುದೇ ಯಾತ್ರಿಕನಿಗೆ ಭೂಷಣ.