ರಾಯಚೂರು ಸೀಮೆಯಲ್ಲಿ ಸಾಮೂಹಿಕ ಪ್ರತಿಭಟನೆಯ ಮೂಲ

ಬಡತನವೊಂದೇ ಜನರನ್ನು ಪ್ರತಿಭಟನೆಗೆ ಒಗ್ಗೂಡಿಸುವುದೆಂಬ ಅಭಿಪ್ರಾಯವು ಸಾಮಾನ್ಯವಾಗಿರುವುದು. ರಾಯಚೂರು ಸೀಮೆಯ ಚರಿತ್ರೆಯನ್ನು ಪರಿಶೀಲಿಸಿದರೆ ಇದು ಪೂರ್ಣ ಸತ್ಯವಲ್ಲವೆಂದು ವಿದಿತವಾಗುವುದು. ಕಷ್ಟವು ಅನ್ಯಾಯವೆಂದು ತೋರಬೇಕು. ಪರಿಹಾರವು ಸಾಧ್ಯವೆಂಬ ನಂಬಿಕೆಯೂ ಹುಟ್ಟಬೇಕು.

ಮಳೆ ಬಾರದ ವರ್ಷದಲ್ಲಿ ರೈತನಿಗೆ ದೂರತಕ್ಕ ಪ್ರತಿಪಕ್ಷವಿಲ್ಲ. ಕಾಲುವೆಯ ವಿಷಯವು ಹಾಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಯೋಜನೆಯಲ್ಲಿ ಬಹುಪಾಲು ಭೂಮಿಯು ಅಲ್ಪ ನೀರಿನ ಬೆಳೆಗಳಿಗೆ ಮೀಸಲಾಗಿತ್ತು. ಮೇಲ್ಭಾಗದಲ್ಲಿ ಬತ್ತದ ಬೇಸಾಯವು ಹಬ್ಬಿದಂತೆ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೆಳಭಾಗದ ಹೊಲಗಳಿಗೆ ನೀರು ಸಾಲದಾಯಿತು. ಸಮಾನ ಹಕ್ಕುಳ್ಳವರಲ್ಲಿ ಒಬ್ಬನಿಗೆ ದೊರೆತುದು ಇನ್ನೊಬ್ಬನಿಗೆ ತಪ್ಪಿತು. ಕೆಳಭಾಗದ ರೈತರು ಮರಳಿ ಮರಳಿ ರಸ್ತೆಗಿಳಿದರು. ಅಮೆರಿಕಾ ದೇಶದ ಸೈನಿಕರನ್ನು ಕುರಿತು ೧೯೪೯ರಲ್ಲಿ ಪ್ರಕಟವಾದ ಸ್ಟೌಫರ್ ಮೊದಲಾದ ಪಂಡಿತರ ಶೋಧನೆಯೂ ಇದಕ್ಕೆ ಪೋಷಕವಾಗಿದೆ: ಬಡ್ತಿಯು ಶೀಘ್ರವಾಗಿ ದೊರೆಯುತ್ತಿದ್ದ ವಾಯುಪಡೆಯಲ್ಲಿಯೇ ಬಡ್ತಿಯ ವಿಷಯದ ಅತೃಪ್ತಿಯು ಅಧಿಕವಾಗಿತ್ತು.

ಇದೇ ನ್ಯಾಯವು ಸೀಮೆಗೂ ಅನ್ವಯಿಸುವುದು. ೧೯೫೬ರಲ್ಲಿ ಹೈದರಾಬಾದು ರಾಜ್ಯವು ವಿಭಾಗವಾಗಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ತೆಲುಗು ಜಿಲ್ಲೆಗಳು ಸೇರಿದ ಆಂಧ್ರಪ್ರದೇಶಕ್ಕೆ ೧೯೭೩ರ ತಿದ್ದುಪಡಿಯಿಂದ ಸಂವಿಧಾನದ ೩೭೧ಡಿ ವಿಧಿಯ ರಕ್ಷಣೆಯು ಲಭಿಸಿತು. ಕನ್ನಡ ಜಿಲ್ಲೆಗಳಿಗೆ ಅಂತಹುದು ಲಭಿಸಲಿಲ್ಲ. ೨೦೦೨ರಲ್ಲಿ ನಂಜುಂಡಪ್ಪ ಸಮಿತಿಯು ತಾಲ್ಲೂಕುಗಳನ್ನು ಅಳೆದು ನೋಡಲಾಗಿ, ರಾಜ್ಯದ ಸರಾಸರಿ ೧ ಇದ್ದಲ್ಲಿ ದೇವದುರ್ಗದ ಸೂಚ್ಯಂಕವು ೦.೫೩ ಮಾತ್ರವಿತ್ತು. ಅನುಭವದಲ್ಲಿದ್ದ ಕೊರತೆಗೆ ಹೀಗೆ ಅಂಕೆಯ ಪ್ರಮಾಣವು ಒದಗಿತು. ವೈಜನಾಥ ಪಾಟೀಲ ಮೊದಲಾದವರ ದೀರ್ಘ ಹೋರಾಟದ ತರುವಾಯ ೩೭೧ಜೆ ವಿಧಿಯು ೨೦೧೩ರಲ್ಲಿ ಜಾರಿಗೆ ಬಂದಿತು.

ಒಂದು ಜಯವು ಮುಂದಿನ ಹೋರಾಟಕ್ಕೆ ಧೈರ್ಯವನ್ನೀಯುವುದು. ರಾಯಚೂರು ಬಯಸಿದ್ದ ಐ.ಐ.ಟಿ. ಧಾರವಾಡಕ್ಕೆ ಸಂದರೂ ಜನರು ನಿರಾಶರಾಗಲಿಲ್ಲ. ಏಮ್ಸ್ ಆಸ್ಪತ್ರೆಗಾಗಿ ೨೦೨೨ರ ಮೇ ೧೩ರಂದು ರಾಯಚೂರು ನಗರದಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ಮೀರಿ ನಡೆಯಿತು.

ಆದರೆ ಸೀಮೆಯ ಹೆಸರಿನ ಐಕ್ಯವು ಒಳಗಿನ ತಾರತಮ್ಯವನ್ನು ಮರೆಸಲಾರದು. ಹೊಲವೇ ಇಲ್ಲದ ಕೂಲಿಕಾರನಿಗೆ ಕಾಲುವೆಯ ಜಯದಲ್ಲಿ ನೇರವಾದ ಪಾಲಿಲ್ಲ. ಪರಿಶಿಷ್ಟ ಜಾತಿಗಳೊಳಗೆ ತಮ್ಮ ಪಾಲು ಕಡಿಮೆಯೆಂದು ಕಂಡ ಮಾದಿಗರು ಒಳಮೀಸಲಾತಿಗಾಗಿ ದಶಕಗಳ ಕಾಲ ಹೋರಾಡಿದರು. ಅಂತಹ ವರ್ಗೀಕರಣವು ಸಂವಿಧಾನಸಮ್ಮತವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಆಗಸ್ಟ್ ೧ರಂದು ತೀರ್ಪಿತ್ತಿತು. ಹೊರಗಿನವರೊಡನೆ ನ್ಯಾಯವನ್ನು ಕೇಳಲು ಕಲಿತ ಜನರು ಅದೇ ಅಳತೆಗೋಲನ್ನು ತಮ್ಮೊಳಗೂ ಹಿಡಿಯುವುದು ಸಹಜ. ಅದಕ್ಕೆ ಒಪ್ಪದ ಐಕ್ಯವು ಬಹುಕಾಲ ನಿಲ್ಲದು.