ಇಂಗ್ಲಿಷ್ ಕಲಿಕಾರ್ಥಿಗಳ ಶಾಲಾ ಸ್ಥಿತ್ಯಂತರ ನೆರವು

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಬೇರೆ ಮನೆಮಾತಿನ ಮಕ್ಕಳು ಹೊಸದಾಗಿ ಶಾಲೆ ಸೇರುವಾಗ, ಮೇಲಿನ ಹಂತಕ್ಕೆ ದಾಟುವಾಗ, ಭಾಷಾ ನೆರವಿನಿಂದ ಸಾಮಾನ್ಯ ತರಗತಿಗೆ ತೆರಳುವಾಗ ನೀಡುವ ವ್ಯವಸ್ಥಿತ ಬೆಂಬಲ. ಇದರ ಕಾನೂನು ಬುನಾದಿ 1964ರ ನಾಗರಿಕ ಹಕ್ಕುಗಳ ಕಾಯಿದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ವಿದ್ಯಾರ್ಥಿಗಳ ಪರವಾದ ಲಾವ್ ವಿರುದ್ಧ ನಿಕಲ್ಸ್ ಮೊಕದ್ದಮೆಯಲ್ಲಿ (1974) ಸುಪ್ರೀಂ ಕೋರ್ಟ್, ಇಂಗ್ಲಿಷ್ ತಿಳಿಯದ ಮಗುವಿಗೆ ಉಳಿದವರಂತೆಯೇ ಪುಸ್ತಕ, ಶಿಕ್ಷಕರು, ಪಠ್ಯಕ್ರಮ ಒದಗಿಸಿದ ಮಾತ್ರಕ್ಕೆ ಸಮಾನತೆ ದಕ್ಕದೆಂದು ತೀರ್ಪಿತ್ತಿತು.

ದಾಖಲಾತಿಯಲ್ಲಿ ಮನೆಭಾಷೆಯ ಪ್ರಶ್ನಾವಳಿ, ಅನಂತರ ಪ್ರಾವೀಣ್ಯ ಪರೀಕ್ಷೆ ನಡೆಯುತ್ತವೆ. ಹೊಸ ವಲಸಿಗರಿಗೆ ಕೆಲವೆಡೆ ಪ್ರತ್ಯೇಕ ಆರಂಭಿಕ ತರಗತಿಗಳಿವೆ. ಅತಿ ತೊಡಕಿನದು ಪ್ರಾಥಮಿಕದಿಂದ ಮಾಧ್ಯಮಿಕಕ್ಕೆ ದಾಟುವ ಘಟ್ಟ. ಅಲ್ಲಿ ಒಬ್ಬ ತರಗತಿ ಶಿಕ್ಷಕರ ಬದಲು ವಿಷಯಕ್ಕೊಬ್ಬರು ಬರುತ್ತಾರೆ. ವಿಜ್ಞಾನ, ಸಮಾಜ ಪಾಠಗಳ ಭಾಷೆ ಆಡುಮಾತಿನಿಂದ ದೂರ ಸರಿಯುತ್ತದೆ. ಆಟದ ಬಯಲಲ್ಲಿ ಸರಾಗವಾಗಿ ಇಂಗ್ಲಿಷ್ ಆಡುವ ಮಗುವಿಗೆ ಪಠ್ಯದ ಭಾಷೆಯೂ ಒಲಿದಿದೆಯೆಂದು ಭಾವಿಸಿ ನೆರವನ್ನು ಬೇಗ ನಿಲ್ಲಿಸುವುದು ಗಂಭೀರ ಲೋಪ. ಮಾತಿನ ಪ್ರೌಢಿಮೆ, ಪಠ್ಯಭಾಷೆಯ ಪ್ರೌಢಿಮೆಗಳ ಈ ಅಂತರವನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ನಿರೂಪಿಸಿದರು. ಇಂಗ್ಲಿಷ್ ಕಲಿಕಾರ್ಥಿ ವರ್ಗದಿಂದ ಹೊರಬಂದವರ ಶೈಕ್ಷಣಿಕ ಸಾಧನೆಯನ್ನು ಮುಂದಿನ 4 ವರ್ಷ ವರದಿ ಮಾಡುವುದನ್ನು 2015ರ ಒಕ್ಕೂಟ ಶಿಕ್ಷಣ ಕಾಯಿದೆ ಕಡ್ಡಾಯಗೊಳಿಸಿದೆ.