ಭಂಗಾರದಂಗಡಿಯ ಪಾಟಾ

ಮೋಟಾರು ಗಾಡಿಯ ಅಡಿಯಲ್ಲಿ, ಗಾಲಿಗಳ ಬದಿಗೆ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ. ಅವುಗಳಿಗೆ ನಮ್ಮ ಚಡಚಣದ ಕಡೆ 'ಪಾಟಾ' ಎನ್ನುತ್ತಾರೆ. ಮೈಸೂರು ಕಡೆಯ ಓದುಗರು ಬ್ಲೇಡು ಸೆಟ್ಟು ಎಂದರೆ ಬೇಗ ತಿಳಿದಾರು. ಪಾಟಾ ಮರಾಠಿಯಿಂದ ಬಂದ ಮಾತು. ಸ್ಪ್ಯಾನರಿಗೆ ಪಾನಾ, ದೊಡ್ಡ ಸುತ್ತಿಗೆಗೆ ಘಣ, ಅಡಿಗಲ್ಲಿಗೆ ಐರಣಿ, ಹಳೆಯ ಕಬ್ಬಿಣಕ್ಕೆ ಭಂಗಾರ, ಹೀಗೆ ನಮ್ಮ ಗ್ಯಾರೇಜುಗಳ ನಿಘಂಟೇ ಸೋಲಾಪುರದ ದಾರಿಯಿಂದ ಬಂದದ್ದು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ಪ್ರಾಂತದವರು; ರಾಜ್ಯ ಬದಲಾದರೂ ಕಬ್ಬಿಣದ ಭಾಷೆ ಬದಲಾಗಲಿಲ್ಲ. ಮಹಾಪ್ರಾಣದ ಆ ಭಂಗಾರಕ್ಕೂ ಅಲ್ಪಪ್ರಾಣದ ಬಂಗಾರಕ್ಕೂ ಇರುವ ವ್ಯತ್ಯಾಸವನ್ನು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ನಾನು, ಆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲವೆಂಬುದನ್ನು ಎರಡು ವರ್ಷಗಳ ಹಿಂದೆ ಒಂದು ಹಳೆಯ ಅಂಬಾಸಿಡರ್ ಕಾರಿನ ಕೆಳಗೆ ಬಗ್ಗಿ ನೋಡುವಾಗ ಕಲಿತೆ.

ಕಾರು ನನ್ನದಲ್ಲ, ನನ್ನ ಬಾಲ್ಯದ ಗೆಳೆಯರದು. ಅವರ ತಂದೆ ಅರಿವೆ ವ್ಯಾಪಾರಿಗಳು. ಭೀಮೆಯ ಆಚೆಯ ಹಳ್ಳಿಗಳಿಂದಲೂ ಜನ ಮದುವೆಯ ಜವಳಿಗೆ ಚಡಚಣಕ್ಕೆ ಬರುವುದು ಹಿಂದಿನಿಂದ ಬಂದ ರೂಢಿ. ಆ ವ್ಯಾಪಾರದ ಬಲದ ಮೇಲೆ ಅವರು 1968ರಲ್ಲಿ ಮಾರ್ಕ್ 2 ಅಂಬಾಸಿಡರ್ ಕೊಂಡರು. ಆಗ ಹಣ ಕಟ್ಟಿದವನಿಗೆ ಕಾರು ಕೂಡಲೇ ಸಿಗುತ್ತಿರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾರು ಊರಿಗೆ ಬಂದ ದಿನ ಅದಕ್ಕೆ ಆರತಿ ಎತ್ತಿದ ಮುತ್ತೈದೆಯರಲ್ಲಿ ನನ್ನ ತಾಯಿಯೂ ಒಬ್ಬರಾಗಿದ್ದರು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರೇ ಬಂಗಾಲದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆ ಸೇರಿ ಅಂಬಾಸಿಡರ್ ಆಯಿತು. 1942ರಲ್ಲಿ ಬಿರ್ಲಾ ಮನೆತನ ಸ್ಥಾಪಿಸಿದ ಆ ಕಂಪನಿ ಮೊದಲಿಗೆ ಗುಜರಾತದ ಓಖಾ ಬಂದರಿನಲ್ಲಿತ್ತು. ಅದರ ಎದುರಾಳಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಹುಟ್ಟುಹಾಕಿದ ವಾಲಚಂದ ಹಿರಾಚಂದರು ನಮ್ಮ ನೆರೆಯ ಸೋಲಾಪುರದಲ್ಲಿಯೇ ಜನಿಸಿದವರು. ಆದರೂ ನಮ್ಮ ಸೀಮೆಯ ಸಾಹುಕಾರರು ಸೋಲಾಪುರದವರ ಫಿಯಟ್ಟನ್ನು ಬಿಟ್ಟು ಬಂಗಾಲದ ಅಂಬಾಸಿಡರ್ ಹಿಡಿದದ್ದಕ್ಕೆ ಕಾರಣ ನಮ್ಮ ಎರೆಭೂಮಿ. ಮಳೆಗಾಲದಲ್ಲಿ ಗಾಲಿ ನುಂಗುವ, ಬೇಸಿಗೆಯಲ್ಲಿ ಮೊಣಕಾಲುದ್ದ ಬಿರುಕು ಬಿಡುವ ಆ ನೆಲದ ಮೇಲೆ ಹತ್ತು ಜನರನ್ನೂ ನಾಲ್ಕು ಅರಿವೆ ಗಂಟುಗಳನ್ನೂ ಹೊತ್ತು ಸಾಗಬಲ್ಲ ಕಾರು ಬೇಕಾಗಿತ್ತು. ಪಾಟಾ ಫಿಯಟ್ಟಿನ ಹಿಂಬದಿಯಲ್ಲಿಯೂ ಇತ್ತೆನ್ನಿ. ನಮ್ಮವರ ಕಣ್ಣಿಗೆ ಅದು ಪೇಟೆಯ ಸೊಕುಮಾರ ಗಾಡಿಯಾಗಿ ಕಂಡಿತು.

ಪಾಟಾದ ಇತಿಹಾಸ ಮೋಟಾರಿಗಿಂತ ಹಿಂದಿನದು. ಕುದುರೆ ಸಾರೋಟಿನ ಕಾಲದ್ದು. ಲಂಡನ್ನಿನ ಓಬದಾಯ ಎಲಿಯಟ್ ಎಂಬ ಸಾರೋಟು ತಯಾರಕ 1804ರಲ್ಲಿ ಅಂಡಾಕಾರದ ಪಾಟಾಕ್ಕೆ ಹಕ್ಕುಪತ್ರ ಪಡೆದ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಅದೇ ಪಾಟಾ ಅಡ್ಡಲಾಗಿ ಮಲಗಿತ್ತು. ನಮ್ಮ ಚಕ್ಕಡಿಗೆ ಇಂಥದ್ದೇನೂ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಕಟ್ಟಿಗೆ, ಕಟ್ಟಿಗೆಯ ಮೇಲೆ ನಮ್ಮ ಬೆನ್ನೆಲುಬು. ನಾನು ಕಣ್ಣಾರೆ ಕಂಡ ಮೊದಲ ಪಾಟಾ ಬಿಜಾಪುರದ ಟಾಂಗಾದ್ದು. ಗೋಳಗುಮ್ಮಟ ನೋಡಲು ಹೋದಾಗ ಅಪ್ಪ ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡ್ರಿಸಿದ್ದರು. ಕೆಳಗೆ ಅದು ಕಿರ್ ಕಿರ್ ಎನ್ನುತ್ತ ಬಗ್ಗಿ ಏಳುತ್ತಿದ್ದುದನ್ನು ನೋಡುತ್ತ ನಾನು ಗುಮ್ಮಟವನ್ನೇ ಮರೆತಿದ್ದೆ.

ಇನ್ನು ನನ್ನ ಮನಸ್ಸಿನಲ್ಲಿ ಐವತ್ತು ವರ್ಷಗಳಿಂದ ಇಳಿಯದೆ ಕುಳಿತ ಸಂಗತಿಯನ್ನು ಹೇಳಬೇಕು. 1974ರ ಆಷಾಢ ಏಕಾದಶಿಗೆ ಪಂಢರಪುರಕ್ಕೆಂದು ನಮ್ಮ ಬಂಧುಬಳಗ ಬಾಡಿಗೆಯ ಜೀಪು ಹಿಡಿದಿತ್ತು. ಹೊರಡುವ ಮೊದಲು ಝಳಕಿಯಲ್ಲಿ ಬೀಗರೊಬ್ಬರನ್ನು ಹತ್ತಿಸಿಕೊಳ್ಳಬೇಕಿತ್ತು. ಊರು ಇನ್ನೂ ಎರಡು ಮೈಲಿಯಿರುವಾಗ ಹಿಂದಿನ ಪಾಟಾ ಮುರಿದು, ಅಚ್ಚು ಓರೆಯಾಗಿ, ಜೀಪು ರಸ್ತೆಯ ಪಕ್ಕದ ಹಳ್ಳಕ್ಕೆ ಮಗುಚಿತು. ಯಾರೂ ಸಾಯಲಿಲ್ಲ. ದೊಡ್ಡಪ್ಪನ ಮಗ, ನನ್ನ ಅಣ್ಣ, ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ. ಆಗ ಅವನಿಗೆ ಇಪ್ಪತ್ತೆರಡು. ಮುರಿದ ಪಾಟಾವನ್ನು ತಿಂಗಳ ಹಿಂದೆಯೇ ವೆಲ್ಡಿಂಗ್ ಮಾಡಿ ಕೂಡಿಸಿದ್ದರೆಂಬುದು ಆಮೇಲೆ ತಿಳಿಯಿತು. ಮಾಲೀಕನ ಹೆಸರು ಇಲ್ಲಿ ಬೇಡ. ಆತನೂ ಬಡವ, ವೆಲ್ಡಿಂಗ್ ಮಾಡಿದವನಿಗೂ ಉಕ್ಕಿನ ಗುಣ ತಿಳಿದಿರಲಿಲ್ಲ.

ಆ ಗುಣವೇನೆಂಬುದನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ಪಾಟಾದ ಉಕ್ಕಿನಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಮ್ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಹದಗೊಳಿಸಿರುತ್ತಾರೆ. ಬಗ್ಗಿ ಮರಳಿ ಏಳುವ ಶಕ್ತಿ ಆ ಹದದಲ್ಲಿದೆ. ವೆಲ್ಡಿಂಗ್ ಕೊಟ್ಟಾಗ ಬೆಸುಗೆಯ ಪಕ್ಕದ ಉಕ್ಕು ಒಂದೆಡೆ ಗಾಜಿನಂತೆ ಬಿರುಸಾಗುತ್ತದೆ, ತುಸು ಆಚೆ ಮೆತ್ತಗಾಗುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ. ಸಾವಿರ ಸಲ ಬಗ್ಗಿದ ಮೇಲೆ ಬಿರುಕು. ಪಾಟಾದ ಕೆಲಸ ಭಾರ ಹೊರುವುದಷ್ಟೇ ಆಗಿದ್ದರೆ ಗಾಡಿ ತಗ್ಗಿ ನಿಲ್ಲುತ್ತಿತ್ತು, ಮಗುಚುತ್ತಿರಲಿಲ್ಲ. ಇಂಥ ಗಾಡಿಗಳಲ್ಲಿ ಹಿಂದಿನ ಅಚ್ಚನ್ನು ಹಿಂದೆ ಮುಂದೆ ಜಾರದಂತೆ ಹಿಡಿದಿಡುವುದೂ ಅದೇ. ಮೇನ್ ಪಾಟಾದ ಮುಂದಿನ ಅರ್ಧ ಮುರಿದರೆ ಅಚ್ಚಿನ ಒಂದು ತುದಿ ಹಿಂದಕ್ಕೆ ಸರಿದು, ಗಾಡಿ ತಾನಾಗಿ ಒಂದು ಬದಿಗೆ ಎಳೆಯುತ್ತದೆ.

ಎರಡು ವರ್ಷಗಳ ಹಿಂದೆ ಗೆಳೆಯರ ಕಾರಿನ ಎಡಬದಿ ಒಂದು ಗೇಣು ತಗ್ಗಿತು. ಮೇನ್ ಪಾಟಾ ಮುರಿದಿತ್ತು. ನೋಂದಣಿ ನವೀಕರಿಸುವ ವರ್ಷವೂ ಅದೇ. ಐದು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರರು ಗಾಡಿಯನ್ನು ಪರೀಕ್ಷಿಸಿ ಒಪ್ಪಬೇಕು. ಅವರ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. "ಭಂಗಾರಕ್ಕ ಹಾಕ್ರಿ ಅಪ್ಪಾ, ಇದರಾಗ ಏನೈತಿ" ಎಂದು ಫೋನಿನಲ್ಲಿ ಹೇಳಿದ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದೆಂದು ನಾನು ಸೂಚಿಸಿದೆ. ಹಾಗೆ ಮಾಡಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲಸಗಳಿಗಲ್ಲದೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ ಎಂದು ತಿಳಿದಾಗ ಗೆಳೆಯರು ನಕ್ಕರು: "ಸಂಗಮೇಶ್ವರನ ಜಾತ್ರಿಗಿ ಒಯ್ಯಾಕ ಬರಲಾರದ ಗಾಡಿ ಮನ್ಯಾಗ ಯಾಕ ಮಾಸ್ತರ?"

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ತರಿಸಿದ ಹೊಸ ಪಾಟಾ ನಂತರದ ಮಾದರಿಯದು, ಬಾಗು ಕೂಡಲಿಲ್ಲ. ಗ್ಯಾರೇಜಿನ ಹುಡುಗ "ವೆಲ್ಡಿಂಗ್ ಹೊಡದ ಕೊಡತೀನ್ರಿ, ಇನ್ಸ್‌ಪೆಕ್ಟರಗ ಕಾಣಂಗಿಲ್ಲ" ಎಂದ. ನನ್ನ ಧ್ವನಿ ನನಗೇ ಅಪರಿಚಿತವಾಗುವಷ್ಟು ಏರಿತು. ಹುಡುಗ ಬೆದರಿದ. ಅವನ ತಪ್ಪೇನು, ಅವನು ಹುಟ್ಟುವ ಮೊದಲಿನ ಕಥೆ.

ಕೊನೆಗೆ ಸೋಲಾಪುರದ ಭಂಗಾರದಂಗಡಿಯೊಂದರಲ್ಲಿ ಅದೇ ಕಾಲದ ಅಂಬಾಸಿಡರಿನ ಜೋಡಿ ಪಾಟಾ ಸಿಕ್ಕವು. ಅವನ್ನು ಪರೀಕ್ಷಿಸಲು ನಾವು ಕರೆದೊಯ್ದದ್ದು ನಮ್ಮೂರ ಕಂಬಾರ ಕಾಕಾನನ್ನು. ಇದು ವಿಚಿತ್ರವೆನಿಸೀತು. ಆದರೆ ಹಳೆಯ ಪಾಟಾದ ಗುಣ ಕಂಬಾರನಷ್ಟು ಬಲ್ಲವರಿಲ್ಲ. ನಮ್ಮ ಕಡೆಯ ಕುಡಗೋಲು, ಕೊಡಲಿ, ಕುರಪಿಗಳಲ್ಲಿ ಎಷ್ಟೋ ಹುಟ್ಟುವುದು ಲಾರಿಯ ಮುರಿದ ಪಾಟಾದಿಂದ. ನೇಪಾಳದಲ್ಲಿ ಖುಕುರಿಯನ್ನೂ ಅದರಿಂದಲೇ ಬಡಿಯುತ್ತಾರೆ. ರಸ್ತೆಯಿಂದ ಹೊಲಕ್ಕೆ, ಇದು ಪಾಟಾದ ವಾಡಿಕೆಯ ದಾರಿ. ಮರಳಿ ರಸ್ತೆಗೆ ಹೋಗುವ ಪಾಟಾ ತನ್ನ ಆಯುಷ್ಯದಲ್ಲಿ ಮೊದಲನೆಯದೆಂದು ಕಾಕಾ ಹೇಳಿದ.

ಆತ ಪಟ್ಟಿಗಳನ್ನು ಬಿಚ್ಚಿಸಿ, ಸೀಮೆಎಣ್ಣೆಯಿಂದ ತೊಳೆಸಿ, ಪುಡಿಸುಣ್ಣ ಸವರಿ ಬಿಸಿಲಿಗಿಟ್ಟ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ನಟ್ಟನಡುವಿನ ಬೋಲ್ಟಿನ ತೂತು ಮತ್ತು ತುದಿಯ ಕಣ್ಣು, ಬಿರುಕು ಹುಟ್ಟುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲಿ. ಒಂದು ಸಣ್ಣ ಪಟ್ಟಿಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಅದನ್ನು ಪಕ್ಕಕ್ಕೆಸೆದು, ಮೂರನೆಯ ಸೆಟ್ಟಿನಿಂದ ಸರಿಜೋಡಿ ಆರಿಸಿದ. ತುಸು ಬಾಗಿಸಲು ಕುಲುಮೆಗೆ ಇಡೋಣವೇ ಎಂದು ಗೆಳೆಯರು ಕೇಳಿದಾಗ, "ಸಾಹುಕಾರ್ರ, ಕುಡಗೋಲ ಬೇಕಾಗಿದ್ರ ಬೆಂಕಿಗಿ ಹಾಕೂಣು. ಗಾಡಿಗಾದ್ರ ಬೆಂಕಿ ತೋರಸಬ್ಯಾಡ್ರಿ" ಎಂದ.

ಕೂಡಿಸುವ ಕೆಲಸ ಎರಡು ದಿನ ಹಿಡಿಯಿತು. ಬಾಡಿಯ ಗಟ್ಟಿ ಜಾಗಕ್ಕೆ ಜಾಲಿಮರದ ದಿಮ್ಮಿ ಕೊಟ್ಟು, ಅಚ್ಚನ್ನು ಬೇರೆ ಜಾಕಿನ ಮೇಲೆ ನಿಲ್ಲಿಸಿದರು. ತುಕ್ಕು ಹಿಡಿದ ಯೂ ಬೋಲ್ಟುಗಳು ರಾತ್ರಿಯೆಲ್ಲ ಡೀಸೆಲ್ ಕುಡಿದರೂ ಬಿಚ್ಚಲಿಲ್ಲ, ಕೊಯ್ದು ತೆಗೆಯಬೇಕಾಯಿತು. ಯೂ ಬೋಲ್ಟು, ರಬ್ಬರು ಬುಶ್, ಶ್ಯಾಕಲ್ ಪಿನ್ನುಗಳನ್ನು ಹೊಸದಾಗಿಯೇ ತಂದೆವು. ಹಳೆಯದು ಪಾಟಾ ಮಾತ್ರ. ಬಲಬದಿಯದು ಮುರಿದಿರದಿದ್ದರೂ ಅದನ್ನೂ ಬದಲಿಸಿದರು, ಇಲ್ಲವಾದರೆ ಕಾರು ಓರೆ ನಿಲ್ಲುತ್ತಿತ್ತು. ನಡುವಿನ ಬೋಲ್ಟಿನ ತಲೆ ಅಚ್ಚಿನ ಪೀಠದ ತೂತಿನಲ್ಲಿ ಸರಿಯಾಗಿ ಕುಳಿತದ್ದನ್ನು ಕಾಕಾ ಬೆರಳಿನಿಂದ ಮುಟ್ಟಿ ನೋಡಿದ. ಕಣ್ಣಿನ ಬೋಲ್ಟುಗಳನ್ನು ಕಡೆಯವರೆಗೆ ಬಿಗಿಯಲಿಲ್ಲ. ಗಾಡಿ ಗಾಲಿಯ ಮೇಲೆ ನಿಂತು ತನ್ನ ಭಾರ ತಾನು ಹೊತ್ತ ಮೇಲೆಯೇ ಬಿಗಿಯಬೇಕು. ತೂಗುವಾಗ ಬಿಗಿದರೆ ಒಳಗಿನ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಮುರಿದ ಹಳೆಯ ಪಾಟಾವನ್ನು ಕಾಕಾ ತನ್ನ ಕೂಲಿಯ ಜೊತೆಗೆ ಕೇಳಿ ಪಡೆದ.

ಇನ್ಸ್‌ಪೆಕ್ಟರರು ಗಾಡಿಯನ್ನು ಒಪ್ಪಿದರು. ಅಂದು ಸಂಜೆ ಗೆಳೆಯರು ಕಾರನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದಾಗ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಝಳಕಿಯವರೆಗೆ ಹೋಗಿ ಬರೋಣವೆಂದು ಅವನೇ ಹೇಳಿದ. ಬಸ್ಸಿನಲ್ಲಿ ಆ ದಾರಿಯನ್ನು ಎಷ್ಟೋ ಸಲ ದಾಟಿದವನು, ಆದರೆ ಅದರ ಹೆಸರನ್ನು ತಾನಾಗಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಊರುಗೋಲನ್ನು ಕಾಲಬಳಿ ಮಲಗಿಸಿ ಹಿಂದಿನ ಸೀಟಿನಲ್ಲಿ, ಎಡಬದಿಗೆ, ಹೊಸ ಪಾಟಾದ ಮೇಲೆಯೇ ಕುಳಿತ. ಹಳ್ಳ ಬಂದಾಗ ಯಾರೂ ಮಾತಾಡಲಿಲ್ಲ. ದಾಟಿದ ಮೇಲೆ ಅಣ್ಣ ಮುಂದಕ್ಕೆ ಬಾಗಿ, "ಯೂ ಬೋಲ್ಟ್ ಮತ್ತೊಮ್ಮಿ ಬಿಗಿ ಮಾಡ್ಸಬೇಕಂತಲ್ಲ, ಯಾವಾಗ?" ಎಂದು ಕೇಳಿದ. ಮುನ್ನೂರು ಕಿಲೋಮೀಟರು ಓಡಿದ ಮೇಲೆ ಎಂದರು ಗೆಳೆಯರು. ಅಣ್ಣ ಮೀಟರಿನ ಅಂಕಿಯನ್ನು ನನಗೆ ಓದಿಸಿ, ಜೇಬಿನ ಡೈರಿಯಲ್ಲಿ ಬರೆದುಕೊಂಡ.